ಪುಣೆಯ ಚಳಿಗಾಲದಲ್ಲಿ ಮನೆಯ ಬಿಸಿನೀರಿನ ಟಬ್: ಮಾಳಿಗೆಯ ಮೇಲೆ ಇಡಬಹುದೇ, ಹಿರಿಯರು ಬಳಸಬಹುದೇ?

ಬಾನೇರ್ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಧಾರವಾಡದವರು. ಈಗ ಕೆಲವು ವರ್ಷಗಳಿಂದ ಪುಣೆಯ ಬಾನೇರ್‌ನಲ್ಲಿ ಒಂದು ರೋ ಹೌಸ್‌ನಲ್ಲಿ ವಾಸವಾಗಿದ್ದೇವೆ. ನಮ್ಮ ಯಜಮಾನರು ಗಾಳಿ ತುಂಬಿಸುವ ಮಾದರಿಯ, ನಾಲ್ಕು ಜನ ಕೂರಬಹುದಾದ ಬಿಸಿನೀರಿನ ಟಬ್ ಒಂದನ್ನು ಖರೀದಿಸಿದ್ದಾರೆ. ಅದರಲ್ಲಿ ಸುಮಾರು 900 ಲೀಟರ್ ನೀರು ಹಿಡಿಯುತ್ತದೆ, ಹೀಟರ್ 2 ಕಿಲೋವ್ಯಾಟ್‌ನದು. ಇನ್ನೂ ಪೆಟ್ಟಿಗೆಯನ್ನು ಬಿಚ್ಚಿಲ್ಲ. ಡಿಸೆಂಬರ್‌ನಲ್ಲಿ ಅತ್ತೆ, ಮಾವ ಊರಿನಿಂದ ಬಂದು ಸಂಕ್ರಾಂತಿಯವರೆಗೆ ನಮ್ಮಲ್ಲಿ ಇರುತ್ತಾರೆ. ಅಷ್ಟರೊಳಗೆ ಅದನ್ನು ಮಾಳಿಗೆಯ ಮೇಲೆ ಜೋಡಿಸಿ, ರಾತ್ರಿ ಆಕಾಶ ನೋಡುತ್ತ ಎಲ್ಲರೂ ಬೆಚ್ಚಗೆ ಕೂರಬೇಕೆಂಬುದು ಅವರ ಅಪೇಕ್ಷೆ.

ನನಗೆ ಕೆಲವು ಸಂದೇಹಗಳಿವೆ. ಇಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ತಾಪಮಾನ 10–12 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಅಂಥ ಚಳಿಯಲ್ಲಿ ಬಯಲಿನಲ್ಲಿ ಬಿಸಿನೀರಿನಲ್ಲಿ ಕೂತು ಎದ್ದರೆ ಹಿರಿಯರಿಗೆ ತೊಂದರೆಯಾಗುವುದಿಲ್ಲವೇ? ಮಾವನವರಿಗೆ ಎಪ್ಪತ್ತು ದಾಟಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅತ್ತೆಯವರಿಗೆ ಮೊಣಕಾಲು ನೋವಿದೆ. ಭಾನುವಾರ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಆ ಬಿಸಿನೀರಿನಲ್ಲಿ ಕೂತರೆ ನೋವು ಇಳಿದೀತೆಂದು ಅವರು ಫೋನಿನಲ್ಲಿ ಈಗಲೇ ಹೇಳುತ್ತಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಮೂರು ತಿಂಗಳ ಗರ್ಭಿಣಿಯಾಗಿರುವ ನಾದಿನಿಯೂ ಆಗಾಗ ಬಂದು ಹೋಗುತ್ತಾಳೆ. ಯಾರು ಇಳಿಯಬಹುದು, ಯಾರು ಇಳಿಯಬಾರದು, ಕರೆಂಟ್ ಬಿಲ್ ಎಷ್ಟು ಏರೀತು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಕೋಥ್ರೂಡ್‌ನ ಕಟ್ಟಡ ಎಂಜಿನಿಯರ್

ಅಕ್ಕನವರೇ, ಚಳಿ, ಬಿಲ್ಲು ಎಲ್ಲವೂ ಆಮೇಲಿನ ವಿಷಯ. ಮೊದಲು ಆ ಟಬ್ಬನ್ನು ಮಾಳಿಗೆಯ ಮೇಲೆ ಇಡುವ ವಿಚಾರವನ್ನು ನಿಲ್ಲಿಸಿ. ಪೆಟ್ಟಿಗೆಯಲ್ಲಿ ಮಡಚಿಟ್ಟಾಗ ಇಬ್ಬರು ಸೇರಿ ಎತ್ತಬಹುದಾದ ವಸ್ತುವಾದ್ದರಿಂದ ಅದು ಹಗುರವೆಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ 900 ಲೀಟರ್ ನೀರೆಂದರೆ 900 ಕಿಲೋ ಭಾರ. ಅದಕ್ಕೆ ಟಬ್ಬಿನ ತೂಕವನ್ನೂ ಒಳಗೆ ಕೂರುವ ನಾಲ್ವರ ತೂಕವನ್ನೂ ಸೇರಿಸಿದರೆ ಸುಮಾರು 1200 ಕಿಲೋ ಆಗುತ್ತದೆ. ಈ ಟಬ್ಬುಗಳ ಅಡ್ಡಳತೆ ಸಾಮಾನ್ಯವಾಗಿ 1.8 ಮೀಟರ್, ಅಂದರೆ ನೆಲದ ಮೇಲೆ ಅವು ಕೂರುವ ಜಾಗ ಸುಮಾರು ಎರಡೂವರೆ ಚದರ ಮೀಟರ್. ಹೀಗೆ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಭಾರ 480 ಕಿಲೋದಷ್ಟಾಗುತ್ತದೆ.

ಜನರು ಓಡಾಡುವ ಸಮತಟ್ಟಾದ ಮಾಳಿಗೆಗೆ ನಮ್ಮ ದೇಶದ ಮಾನಕವಾದ ಐ.ಎಸ್. 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ವಾಸದ ಕೋಣೆಗಳಿಗೇ ಅದು 200 ಕಿಲೋದ ಆಸುಪಾಸಿನಲ್ಲಿದೆ. ನಿಮ್ಮ ಟಬ್ ಮಾಳಿಗೆಯ ಆ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿನ ಭಾರವನ್ನು ಒಂದೇ ಜಾಗದಲ್ಲಿ, ದಿನಗಟ್ಟಲೆ ಹೇರುತ್ತದೆ. ಪುಣೆಯ ಹಳೆಯ ಮಾಳಿಗೆಗಳ ಮೇಲೆ ಸೋರಿಕೆ ತಡೆಯಲೆಂದು ಹಾಕಿರುವ ಬ್ರಿಕ್‌ಬ್ಯಾಟ್ ಕೋಬಾದ (ಇಟ್ಟಿಗೆ ಚೂರು ಮತ್ತು ಗಾರೆಯ) ದಪ್ಪ ಪದರವೂ ಕಡಿಮೆ ಭಾರದ್ದಲ್ಲ. ದುರಸ್ತಿಯ ಹೆಸರಿನಲ್ಲಿ ಕೆಲವರು ಹಳೆಯ ಪದರವನ್ನು ತೆಗೆಯದೆ ಅದರ ಮೇಲೆಯೇ ಮತ್ತೊಂದನ್ನು ಹಾಕಿಸಿರುವುದನ್ನು ನಾನು ಕಂಡಿದ್ದೇನೆ. «ನೀರಿನ ಟ್ಯಾಂಕ್ ಮಾಳಿಗೆಯ ಮೇಲೆಯೇ ಇದೆಯಲ್ಲ» ಎಂದು ಯಜಮಾನರು ಕೇಳಬಹುದು. ಆ ಟ್ಯಾಂಕನ್ನು ಕಂಬ ಮತ್ತು ತೊಲೆಗಳ ಮೇಲೆ ಭಾರ ಇಳಿಯುವಂತೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಟಬ್ಬನ್ನು ನೀವು ಇಡುವುದು ಚಪ್ಪಡಿಯ ನಡುವೆ, ಗೋಡೆಗಳಿಂದ ದೂರ, ನೋಟ ಚೆನ್ನಾಗಿರುವ ಕಡೆ. ಭಾರ ಹೊರುವ ದೃಷ್ಟಿಯಿಂದ ಅದೇ ಅತ್ಯಂತ ದುರ್ಬಲವಾದ ಜಾಗ. ಹೊರಚಾಚಿದ ಬಾಲ್ಕನಿಯಂತೂ ಬೇಡವೇ ಬೇಡ.

ರೋ ಹೌಸ್ ಆದ್ದರಿಂದ ನಿಮಗೆ ನೆಲಮಟ್ಟದಲ್ಲಿ ಹಿತ್ತಲೋ ಕಾರು ನಿಲ್ಲಿಸುವ ಜಾಗವೋ ಇದ್ದೇ ಇರುತ್ತದೆ. ಕಾರು ನಿಲ್ಲುವ ಗಟ್ಟಿ ನೆಲ, ಅದರ ಕೆಳಗೆ ನೆಲದಡಿಯ ನೀರಿನ ತೊಟ್ಟಿ ಇಲ್ಲದಿದ್ದರೆ, ಈ ಭಾರವನ್ನು ನಿರಾಯಾಸವಾಗಿ ಹೊರುತ್ತದೆ. ಮಾಳಿಗೆಯೇ ಬೇಕೆಂದರೆ ನಿಮ್ಮ ಕಟ್ಟಡದ ನಕ್ಷೆಗಳನ್ನು ಹಿಡಿದುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಲ್ಲಿಗೆ ಹೋಗಿ, ಅವರಿಂದ ಲಿಖಿತವಾಗಿ ಒಪ್ಪಿಗೆ ಪಡೆಯಿರಿ. ಮಾರಾಟಗಾರರ ಬಾಯಿಮಾತನ್ನು ನಂಬಬೇಡಿ.

ಔಂಧ್‌ನ ವೈದ್ಯ

ಭಾರದ ವಿಷಯವನ್ನು ಎಂಜಿನಿಯರ್ ಸಾಹೇಬರು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಮನುಷ್ಯರ ವಿಷಯವನ್ನು ಹೇಳುತ್ತೇನೆ. ನಾನು ನಿಮ್ಮ ಮನೆಯವರನ್ನು ಪರೀಕ್ಷಿಸಿದವನಲ್ಲ. ಆದ್ದರಿಂದ ಇದನ್ನು ತಿಳಿವಳಿಕೆಯಾಗಿ ತೆಗೆದುಕೊಂಡು, ಮಾವನವರನ್ನು ನೋಡುವ ವೈದ್ಯರ ಮಾತನ್ನೇ ಕೊನೆಯದೆಂದು ಭಾವಿಸಬೇಕು.

ಮಗಳು ಇಳಿಯುವುದು ಬೇಡ. ಐದು ವರ್ಷದೊಳಗಿನ ಮಕ್ಕಳನ್ನು ಇಂಥ ಟಬ್ಬಿಗೆ ಇಳಿಸಬಾರದೆಂಬುದು ಸ್ಥಾಪಿತ ಸಲಹೆ, ಏಕೆಂದರೆ ಅವರ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ನಾದಿನಿಯೂ ಬೇಡ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಯ ಒಳಮೈಯ ಉಷ್ಣತೆ ಏರುವುದಕ್ಕೂ ಮಗುವಿನ ಮಿದುಳುಬಳ್ಳಿಯ ಬೆಳವಣಿಗೆಯ ದೋಷಗಳಿಗೂ ಸಂಬಂಧವಿರುವುದರಿಂದ ಇದರಲ್ಲಿ ರಿಯಾಯಿತಿ ಕೊಡಲಾಗದು. ಬಕೆಟ್ಟಿನ ಬೆಚ್ಚನೆಯ ನೀರಿನ ಸ್ನಾನಕ್ಕೆ ಈ ಅಡ್ಡಿಯಿಲ್ಲ.

ಮಾವನವರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿದೆ. ಬಿಸಿನೀರಿನಲ್ಲಿ ಕೂತಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ವೇಗವಾಗಿ ಬಡಿಯುತ್ತದೆ. ಕೂತಿರುವವರೆಗೆ ಸುತ್ತಲಿನ ನೀರಿನ ಒತ್ತಡ ಕಾಲುಗಳಲ್ಲಿ ರಕ್ತ ನಿಲ್ಲದಂತೆ ನೋಡಿಕೊಳ್ಳುತ್ತದೆ. ಥಟ್ಟನೆ ಎದ್ದು ನಿಂತಾಗ ಆ ಒತ್ತಡ ಹೋಗಿ, ರಕ್ತ ಕಾಲುಗಳಿಗೆ ಇಳಿದು, ತಲೆ ತಿರುಗುತ್ತದೆ. ಆಮ್ಲೋಡಿಪಿನ್‌ನಂಥ ಮಾತ್ರೆಗಳು ತಾವೇ ರಕ್ತನಾಳಗಳನ್ನು ಹಿಗ್ಗಿಸುವಂಥವು. ಅವುಗಳ ಜೊತೆಗೆ ಬಿಸಿನೀರೂ ಸೇರಿದರೆ ಪರಿಣಾಮ ಇಮ್ಮಡಿಯಾಗಬಹುದು. ಚಳಿಗಾಲದಲ್ಲಿ ಇದಕ್ಕೆ ಮತ್ತೊಂದು ತೊಡಕು ಕೂಡಿಕೊಳ್ಳುತ್ತದೆ. ಬಟ್ಟೆ ಬಿಚ್ಚಿ ತಣ್ಣನೆಯ ಗಾಳಿಯಲ್ಲಿ ನಿಂತಾಗ ರಕ್ತದೊತ್ತಡ ಏರುತ್ತದೆ, ನೀರಿಗೆ ಇಳಿದ ಕೂಡಲೇ ಇಳಿಯುತ್ತದೆ, ಹೊರಬಂದಾಗ ಪುನಃ ಏರುತ್ತದೆ. ಆಳವಾದ ತೊಟ್ಟಿಯಲ್ಲಿ ಸ್ನಾನ ಮಾಡುವ ಪದ್ಧತಿ ಮನೆಮನೆಯಲ್ಲಿರುವ ಜಪಾನಿನಲ್ಲಿ ಚಳಿಗಾಲದಲ್ಲಿಯೇ ವಯಸ್ಸಾದವರ ಸ್ನಾನದ ವೇಳೆಯ ಸಾವುಗಳು ಹೆಚ್ಚು ಸಂಭವಿಸುತ್ತವೆ. ನೀರು 41 ಡಿಗ್ರಿ ಮೀರದಂತೆ, ಮುಳುಗಿ ಕೂರುವ ಹೊತ್ತು 10 ನಿಮಿಷ ದಾಟದಂತೆ ನೋಡಿಕೊಳ್ಳಬೇಕೆಂದು ಅಲ್ಲಿನ ಸರ್ಕಾರವೇ ಜನರಿಗೆ ತಿಳಿಹೇಳುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಾರ ಟಬ್ಬಿನ ನೀರು ಎಂದಿಗೂ 40 ಡಿಗ್ರಿ ಮೀರಬಾರದು.

ನಿಮ್ಮ ಮಾವನವರ ಒತ್ತಡ ಹತೋಟಿಯಲ್ಲಿದ್ದು, ಅವರ ವೈದ್ಯರು ಒಪ್ಪಿದರೆ, ನೀರನ್ನು 37–38 ಡಿಗ್ರಿಗೆ ಇಟ್ಟು ಹತ್ತು ನಿಮಿಷ ಕೂರಿಸಿ. ಊಟವಾದ ಕೂಡಲೇ ಬೇಡ, ಒಬ್ಬರೇ ಕೂರುವುದು ಬೇಡ. ಎಷ್ಟೇ ವಯಸ್ಸಿನವರಾಗಲಿ, ಮದ್ಯ ಸೇವಿಸಿ ಇಳಿಯಲೇಬಾರದು. ಏಳುವ ಮೊದಲು ಕೈಕಾಲು ಆಡಿಸಿ, ನಿಧಾನವಾಗಿ ಎದ್ದು, ಗಟ್ಟಿಯಾದದ್ದೇನನ್ನಾದರೂ ಹಿಡಿದು ಅರೆಗಳಿಗೆ ನಿಂತು ಹೊರಬರಬೇಕು. ದೊಡ್ಡ ಟವೆಲ್, ಮಂಗನ ಟೋಪಿ, ಜಾರದ ಚಪ್ಪಲಿ ಇವೆಲ್ಲ ಕೈಗೆಟುಕುವಲ್ಲಿ ಇರಬೇಕು. ಒಳಗಿನಿಂದ ಯಾರೋ ತಂದುಕೊಡುವವರೆಗೆ ಒದ್ದೆ ಮೈಯಲ್ಲಿ ಗಾಳಿಗೆ ನಿಲ್ಲುವಂತಾಗಬಾರದು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಪಾದಗಳಿಗೆ ಬಿಸಿ ತಿಳಿಯುತ್ತದೆಯೇ ಎಂಬುದನ್ನು ಮೊದಲು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಬಿಸಿಯಿಂದಾಗಿ ಅದು ಬೇಗನೆ ರಕ್ತಕ್ಕೆ ಸೇರಿ ಸಕ್ಕರೆಯ ಪ್ರಮಾಣ ಇಳಿಯುವ ಸಂಭವವೂ ಇದೆ.

ಅತ್ತೆಯವರ ಮೊಣಕಾಲಿಗೆ ಬೆಚ್ಚನೆಯ ನೀರು ನಿಜವಾಗಿಯೂ ಹಿತ. ಮೈಯ ಭಾರವನ್ನು ಬಹುಮಟ್ಟಿಗೆ ನೀರೇ ಹೊರುವುದರಿಂದ ಕೀಲುಗಳನ್ನು ಮೆಲ್ಲಗೆ ಮಡಿಸಿ ಚಾಚಬಹುದು. ಜಕೂಜಿ ಕುಟುಂಬದವರು 1956ರಲ್ಲಿ ಮನೆಯ ತೊಟ್ಟಿಯಲ್ಲಿ ಇಡಬಹುದಾದ ಪಂಪನ್ನು ತಂದದ್ದೇ ಸಂಧಿವಾತದಿಂದ ನರಳುತ್ತಿದ್ದ ತಮ್ಮ ಮನೆಯ ಹುಡುಗನಿಗಾಗಿ. ಆದರೆ ಮೊಣಕಾಲು ಕೆಂಪಾಗಿ, ಮುಟ್ಟಿದರೆ ಸುಡುತ್ತ, ಊದಿಕೊಂಡಿರುವಾಗ ಬಿಸಿ ತಾಗಿಸಬಾರದು. ಇನ್ನೊಂದು ಮಾತು: ಗಾಳಿ ತುಂಬಿದ ಟಬ್ಬಿನ ಗೋಡೆ ಸುಮಾರು ಎರಡೂಕಾಲು ಅಡಿ ಎತ್ತರವಿರುತ್ತದೆ ಮತ್ತು ಕೈಯೂರಿದರೆ ಬಾಗುತ್ತದೆ. ಮೊಣಕಾಲು ನೋವಿರುವವರು ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಆ ಗೋಡೆಯಾಚೆ ದಾಟಿಸುವ ಗಳಿಗೆಯೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಆತಂಕವನ್ನು ಉಂಟುಮಾಡುತ್ತದೆ. ಹಿಡಿಕೆಯಿರುವ ಗಟ್ಟಿ ಮೆಟ್ಟಿಲನ್ನು ಹೊರಗೂ, ಅಲುಗದ ಪೀಠವನ್ನು ಒಳಗೂ ಇರಿಸದೆ ಅವರನ್ನು ಇಳಿಸಬೇಡಿ.

ಲೋಣಾವಳಾದ ತೋಟದ ಮನೆಯವರು

ನಾವು ಲೋಣಾವಳಾದ ತೋಟದ ಮನೆಯಲ್ಲಿ ಇಂಥದೇ ಟಬ್ಬನ್ನು ಕೆಲವು ಚಳಿಗಾಲಗಳಿಂದ ಬಳಸುತ್ತಿದ್ದೇವೆ. ನಿಮ್ಮ ಅತ್ತೆಯವರ ಎಣ್ಣೆಸ್ನಾನದ ಆಸೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಣ್ಣೆ ಹಚ್ಚಿಕೊಂಡು ಟಬ್ಬಿಗೆ ಇಳಿಯುವಂತಿಲ್ಲ. ಬಚ್ಚಲಲ್ಲಿ ಸುರಿದುಕೊಂಡ ನೀರು ಹರಿದು ಹೋಗುತ್ತದೆ. ಟಬ್ಬಿನ ನೀರು ಹರಿದು ಹೋಗುವುದಿಲ್ಲ, ವಾರಗಟ್ಟಲೆ ಅದೇ ನೀರು ಫಿಲ್ಟರಿನ ಮೂಲಕ ಸುತ್ತುತ್ತಿರುತ್ತದೆ. ನಮ್ಮಲ್ಲಿಗೆ ಬಂದ ನೆಂಟರೊಬ್ಬರು ತಲೆಗೂ ಮೈಗೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದ ಮಾರನೆಯ ಬೆಳಿಗ್ಗೆ ಫಿಲ್ಟರನ್ನು ಹೊರತೆಗೆದಾಗ ಅದರ ಕಾಗದದಂಥ ಮಡಿಕೆಗಳು ಹಳದಿ ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಟಬ್ಬಿನ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಜಿಡ್ಡಿನ ಕಂದು ಗೆರೆಯೊಂದು ಸುತ್ತಲೂ ಎದ್ದಿತ್ತು, ಗುಳ್ಳೆಯ ಗುಂಡಿ ಒತ್ತಿದರೆ ನೊರೆ ಉಕ್ಕುತ್ತಿತ್ತು. ಸೀಗೆಕಾಯಿ, ಕಡಲೆಹಿಟ್ಟು, ಸಾಬೂನು ಎಲ್ಲಕ್ಕೂ ಇದೇ ಮಾತು. ಅತ್ತೆಯವರು ಅಭ್ಯಂಜನವನ್ನು ಬಚ್ಚಲಲ್ಲಿಯೇ ಮುಗಿಸಿ, ಜಿಡ್ಡು ಪೂರ್ತಿ ಹೋಗುವಂತೆ ಮೈ ತೊಳೆದುಕೊಳ್ಳಲಿ. ಅಂದು ಟಬ್ ಬೇಡ, ಬೇಕಿದ್ದರೆ ಮಾರನೆಯ ದಿನ ಕೂರಲಿ. ಉಳಿದವರೂ ಪ್ರತಿ ಸಲ ಜಳಕ ಮಾಡಿಯೇ ಇಳಿಯಬೇಕು. ಉದ್ದ ಕೂದಲಿರುವವರು ತುರುಬು ಕಟ್ಟಿಕೊಳ್ಳಲಿ, ಏಕೆಂದರೆ ನೀರು ಎಳೆದುಕೊಳ್ಳುವ ಬಾಯಿಗೆ ಕೂದಲು ಸಿಕ್ಕಿಕೊಳ್ಳುವುದು ಅಪಾಯಕಾರಿ.

ಜಿಡ್ಡಿಗೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಎಣ್ಣೆ, ಬೆವರು, ಸಾಬೂನು ಇವೆಲ್ಲ ಸೇರಿ ನೀರಿನಲ್ಲಿರುವ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಬಿಸಿನೀರಿನಲ್ಲಿ ಕ್ಲೋರಿನ್ ಮೊದಲೇ ಬೇಗ ಆರಿಹೋಗುತ್ತದೆ. ಹಾಗಾದಾಗ ರೋಗಾಣುಗಳಿಗೆ ಆ ಬೆಚ್ಚನೆಯ ನೀರಿಗಿಂತ ಒಳ್ಳೆಯ ಮನೆ ಮತ್ತೊಂದಿಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರನ್ನು ಬಲಿ ತೆಗೆದುಕೊಂಡ ನ್ಯುಮೋನಿಯಾಕ್ಕೆ ಕಾರಣವಾದ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯವರೆಗಿನ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ನೀರು ಕುಡಿಯದಿದ್ದರೂ, ಗುಳ್ಳೆಗಳಿಂದ ಏಳುವ ಸಣ್ಣ ಹನಿಗಳನ್ನು ಉಸಿರಿನಲ್ಲಿ ಎಳೆದುಕೊಂಡರೆ ಅದು ಶ್ವಾಸಕೋಶವನ್ನು ಸೇರುತ್ತದೆ. ವಯಸ್ಸಾದವರಿಗೆ ಅಪಾಯ ಹೆಚ್ಚು. ಆದ್ದರಿಂದ ಕ್ಲೋರಿನ್ 3 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ) ಇಳಿಯದಂತೆ, ಪಿಎಚ್ 7.2ರಿಂದ 7.8ರ ನಡುವೆ ಇರುವಂತೆ ಪ್ರತಿ ಸಲ ಇಳಿಯುವ ಮೊದಲು ಪರೀಕ್ಷಾ ಪಟ್ಟಿ ಅದ್ದಿ ನೋಡಬೇಕು. ಇದಕ್ಕೆ ಡೈಕ್ಲೋರ್ ಎಂಬ ಕ್ಲೋರಿನ್ ಹರಳು ಒಳ್ಳೆಯದು. ಈಜುಕೊಳಗಳಿಗೆ ಮಾರುವ ಟಿಸಿಸಿಎ ಗುಳಿಗೆ ತೀರ ಆಮ್ಲೀಯ, ಬ್ಲೀಚಿಂಗ್ ಪೌಡರ್ ಸುಣ್ಣವನ್ನು ಬಿಟ್ಟುಹೋಗುತ್ತದೆ. ಬೇರೆಬೇರೆ ಬಗೆಯ ಕ್ಲೋರಿನ್ ಪುಡಿಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸುವುದಂತೂ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬರುವ ಮಹಾನಗರಪಾಲಿಕೆಯ ನೀರು ಮೃದುವಾಗಿದೆ, ಅದನ್ನೇ ತುಂಬಿಸಿ. ಬಾನೇರ್ ಕಡೆ ಟ್ಯಾಂಕರ್ ನೀರಿನ ಮೇಲೆ ನಿಂತಿರುವ ಮನೆಗಳು ಬಹಳ. ಬೋರ್‌ವೆಲ್‌ನ ಗಡಸು ನೀರಾದರೆ ಹೀಟರಿನ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ.

ಪಿಂಪ್ರಿಯ ಎಲೆಕ್ಟ್ರಿಕಲ್ ಸೂಪರ್‌ವೈಸರ್

ಮೇಡಂ ಅವರೇ, ಬಿಲ್ಲಿನ ಲೆಕ್ಕವನ್ನು ನಾನು ಹೇಳುತ್ತೇನೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲೊರಿ ಬೇಕು, ಒಂದು ಯೂನಿಟ್ ಕರೆಂಟ್ ಎಂದರೆ 860 ಕಿಲೋಕ್ಯಾಲೊರಿ. ಟ್ಯಾಂಕಿನ ನೀರು 20 ಡಿಗ್ರಿ ಇದ್ದು ಅದನ್ನು 39ಕ್ಕೆ ಏರಿಸಬೇಕಾದರೆ 900 ಲೀಟರಿಗೆ ಸುಮಾರು 20 ಯೂನಿಟ್ ಖರ್ಚಾಗುತ್ತದೆ. ನಿಮ್ಮ 2 ಕಿಲೋವ್ಯಾಟ್ ಹೀಟರ್ ಗಂಟೆಗೆ ಎರಡು ಡಿಗ್ರಿಗಿಂತ ಹೆಚ್ಚು ಏರಿಸಲಾರದು, ಆದ್ದರಿಂದ ಹತ್ತು–ಹನ್ನೆರಡು ಗಂಟೆ ಮೊದಲೇ ಹಾಕಿಡಬೇಕು. ಆಮೇಲಿನ ಖರ್ಚು ನಿಂತಿರುವುದು ಮುಚ್ಚಳದ ಮೇಲೆ. ನೀರು ಆವಿಯಾಗುವಾಗ ಅಪಾರ ಶಾಖವನ್ನು ಹೊತ್ತೊಯ್ಯುತ್ತದೆ. ಮೂರು ಲೀಟರ್ ಆವಿಯಾದರೆ ಎರಡು ಯೂನಿಟ್ ಹೋದಂತೆ. ಬಳಸಿದ ಕೂಡಲೇ ಮುಚ್ಚಿ, ಅಡಿಯಲ್ಲಿ ದಪ್ಪ ಫೋಮ್ ಹಾಸಿ. ಹೀಗಿದ್ದೂ ರಾತ್ರಿ ಕಳೆಯುವಷ್ಟರಲ್ಲಿ ಐದು ಡಿಗ್ರಿ ಇಳಿದರೆ ಅದನ್ನು ತುಂಬಲು ಐದು ಯೂನಿಟ್‌ಗಿಂತ ತುಸು ಹೆಚ್ಚು ಬೇಕು. ಗುಳ್ಳೆಗಳನ್ನು ಹೊತ್ತುಗಟ್ಟಲೆ ಬಿಟ್ಟುಕೊಳ್ಳಬೇಡಿ, ಅದು ಹೊರಗಿನ 12 ಡಿಗ್ರಿಯ ಗಾಳಿಯನ್ನೇ ನೀರಿನೊಳಗೆ ಊದುತ್ತದೆ. ಮಹಾವಿತರಣದ ದರ 100, 300, 500 ಯೂನಿಟ್ ದಾಟಿದಂತೆ ಏರುವುದರಿಂದ ಈಗ ನಿಮ್ಮ ತಿಂಗಳ ಬಳಕೆ ಎಲ್ಲಿದೆಯೆಂದು ಹಳೆಯ ಬಿಲ್ಲಿನಲ್ಲಿ ನೋಡಿಕೊಳ್ಳಿ.

ನಿಮ್ಮ ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಅದರ ಲಾಭ ಪಡೆಯಿರಿ. ಮೊದಲು 700 ಲೀಟರ್ ತಣ್ಣೀರು ತುಂಬಿಸಿ, ಅದರ ಮೇಲೆ 60 ಡಿಗ್ರಿಯ 200 ಲೀಟರ್ ಬೆರೆಸಿದರೆ ನೀರು 29 ಡಿಗ್ರಿಗೆ ಬಂದು ನಿಲ್ಲುತ್ತದೆ, ಅಲ್ಲಿಗೆ ಅರ್ಧದಷ್ಟು ಕರೆಂಟ್ ಉಳಿಯಿತು. ಬರಿಯ ಟಬ್ಬಿಗೆ ಸುಡುನೀರನ್ನು ಬಿಡಬೇಡಿ, ಆ ಹಾಳೆ ಅದನ್ನು ತಾಳುವುದಿಲ್ಲ.

ಸುರಕ್ಷತೆಗಾಗಿ 16 ಆಂಪಿಯರ್‌ನ ಪ್ರತ್ಯೇಕ ಲೈನ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಈ ಮೂರೂ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಂದಿಗೂ ಬೇಡ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಟ್ರಿಪ್ ಆಗದಿದ್ದರೆ ಅದು ಇದ್ದೂ ಇಲ್ಲದಂತೆ.

ಬಾನೇರ್ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಭಾರದ ಲೆಕ್ಕ ಕೇಳಿದ ಮೇಲೆ ಅವರು ಮಾಳಿಗೆಯ ಆಸೆಯನ್ನು ಬಿಟ್ಟು, ಕಾರು ನಿಲ್ಲಿಸುವ ಜಾಗದಲ್ಲಿಯೇ ಇಡಲು ಒಪ್ಪಿದ್ದಾರೆ. ಅಲ್ಲಿ ಅಡಿಯಲ್ಲಿ ತೊಟ್ಟಿಯಿಲ್ಲವೆಂದು ಖಚಿತಪಡಿಸಿಕೊಂಡಿದ್ದೇವೆ. ಬಡಗಿಗೆ ಹಿಡಿಕೆಯ ಮೆಟ್ಟಿಲು ಹೇಳಿದ್ದೇವೆ. ಇನ್ನೆರಡು ಪ್ರಶ್ನೆಗಳು ಉಳಿದಿವೆ. ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಹಳೆಯ ನೀರನ್ನು ಗಿಡಗಳಿಗೆ ಹಾಕಬಹುದೇ? ಮತ್ತು ಕೆನಡಾದಲ್ಲಿರುವ ನನ್ನ ಅಣ್ಣ, ಚಳಿಗಾಲದಲ್ಲಿ ಟಬ್ಬನ್ನು ಖಾಲಿ ಮಾಡಲೇಬಾರದು, ಪಂಪನ್ನು ನಿಲ್ಲಿಸಲೇಬಾರದು ಎನ್ನುತ್ತಾನೆ. ಅದು ನಮಗೂ ಅನ್ವಯಿಸುತ್ತದೆಯೇ?

ಲೋಣಾವಳಾದ ತೋಟದ ಮನೆಯವರು

ಅಣ್ಣನವರು ಹೇಳಿದ್ದು ಅವರ ಊರಿಗೆ ಸರಿ. ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುವ ಚಳಿಯಲ್ಲಿ ಪಂಪ್ ನಿಂತರೆ ಕೊಳವೆಯಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪನ್ನೂ ಪಂಪನ್ನೂ ಒಡೆಯುತ್ತದೆ. ಕರೆಂಟ್ ಹೋದರೂ ಮುಚ್ಚಳ ತೆರೆಯದೆ ಕಾಯುವುದು ಅಲ್ಲಿನ ರೂಢಿ. ಗಾಳಿ ತುಂಬಿಸುವ ಟಬ್ಬುಗಳನ್ನಂತೂ ಸಾಮಾನ್ಯವಾಗಿ 4 ಡಿಗ್ರಿಗಿಂತ ಕೆಳಗೆ ಬಳಸಬಾರದೆಂದು ತಯಾರಕರೇ ಬರೆದಿರುತ್ತಾರೆ. ಪುಣೆಯಲ್ಲಿ ಈ ಭಯವಿಲ್ಲ. ವಾರವಿಡೀ ಬಳಸುವುದಿಲ್ಲವೆಂದರೆ ಖಾಲಿ ಮಾಡಿ, ಒರೆಸಿ, ಒಣಗಿಸಿ ಇಡುವುದೇ ಮೇಲು. ಬಿಸಿ ಆರಿದ, ಕ್ಲೋರಿನ್ ಇಲ್ಲದ ನೀರು ಅದರಲ್ಲಿ ನಿಂತಿರಬಾರದು.

ದಿನವೂ ಇಬ್ಬರು ಕೂರುವುದಾದರೆ 900 ಲೀಟರ್ ನೀರು ಒಂದೂಕಾಲು ತಿಂಗಳು ಬಾಳುತ್ತದೆ, ನಾಲ್ವರಾದರೆ ಅದರ ಅರ್ಧ. ಅದಕ್ಕೆ ಮೊದಲೇ ನೀರು ಮಬ್ಬಾದರೆ ಅಥವಾ ಕಮಟು ವಾಸನೆ ಬಂದರೆ ಲೆಕ್ಕ ನೋಡದೆ ಬದಲಿಸಿ. ಗಿಡಗಳಿಗೆ ಹಾಕುವ ಮೊದಲು ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಹಗಲು ಮುಚ್ಚಳ ತೆಗೆದು ಎರಡು ದಿನ ಬಿಸಿಲಿಗೆ ಬಿಡಿ. ಪರೀಕ್ಷಾ ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆಗೆ ಬಂದ ಮೇಲೆ ತೆಂಗು, ದಾಸವಾಳದಂಥ ದೊಡ್ಡ ಗಿಡಗಳ ಬುಡಕ್ಕೆ ಹರಿಸಬಹುದು. ತುಳಸಿಯ ಕುಂಡಕ್ಕೂ ಕೊತ್ತಂಬರಿಯಂಥ ಸೊಪ್ಪಿನ ಮಡಿಗಳಿಗೂ ಬೇಡ. ಆ ಎರಡು ದಿನ ಮಗಳು ಒಬ್ಬಳೇ ಟಬ್ಬಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ, ಮುಚ್ಚಳ ಹಾಕಿದ ದಿನಗಳಲ್ಲಿ ಅದರ ಬಕಲ್‌ಗಳನ್ನು ಬೀಗದಂತೆ ಬಿಗಿದಿಡಿ.